ಒಂದೇ ಮಧ್ಯಾಹ್ನದಲ್ಲಿ ಬೆಳೆದ ಫ್ರಾಕು

ನಮ್ಮ ಟೈಲರ್ ಮಾಸ್ಟರ್ ಪ್ಯಾಂಟು ಸಡಿಲ ಮಾಡುವುದರಲ್ಲಿ ಎತ್ತಿದ ಕೈ. ಬಾಯಿ ಬಿಗಿ ಮಾಡುವುದು ಮಾತ್ರ ಅವನಿಗೆ ಬಾರದು. ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿದ ಕೂಡಲೇ, "ಎದುರುಗಡೆ ಬರ್ಗರ್ ಅಂಗಡಿಗೆ ದಿನಾ ಹೋಗ್ತೀರಾ ಸಾರ್?" ಎಂದು ಶುರು ಹಚ್ಚಿಕೊಳ್ಳುತ್ತಿದ್ದ. ಆ ಅಂಗಡಿ ಇರುವುದರಿಂದಲೇ ನಮಗೆ ಅರ್ಧ ಕೆಲಸ ಎಂದು ನಾನು ಎಷ್ಟು ಹೇಳಿದರೂ ಕೇಳಿದವನಲ್ಲ. ನಾನು ಅವನಲ್ಲಿ ಕಾಜಾ ಹೊಲಿದು ಗುಂಡಿ ಹಾಕುವವಳು. ವಯಸ್ಸಿನಲ್ಲಿ ದೊಡ್ಡವಳೆಂದು ಅಕ್ಕ ಎನ್ನುತ್ತಾನೆ; ನನ್ನ ಮಾತನ್ನು ಮಾತ್ರ ಚಿಂದಿ ಚೀಲಕ್ಕೆ ಹಾಕುತ್ತಾನೆ.

ನಮ್ಮ ಅಂಗಡಿಯ ನಿಜವಾದ ಒಡತಿ ಮಾಸ್ಟರ್‌ನ ಮಗಳು. ಇನ್ನೂ ಎರಡು ತುಂಬಿರಲಿಲ್ಲ, ಆಗಲೇ ನಮಗೆಲ್ಲ ಅವಳು ಯಜಮಾನಿ. ತಾಯಿ ಸಿಟಿ ಬಸ್ಸಿನ ಡ್ರೈವರ್, ಮಗು ಏಳುವ ಮೊದಲೇ ಹೊರಡಬೇಕು. ಹಾಗಾಗಿ ಬೆನ್ನಿನ ಗುಂಡಿ ಹಾಕಲೂ ಪುರುಸೊತ್ತಿಲ್ಲದೆ ಫ್ರಾಕು ತೊಡಿಸಿ, ಹೊತ್ತು ತಂದು, ಕತ್ತರಿಸುವ ಮೇಜಿನ ಕೆಳಗೆ ಆಡಲು ಬಿಡುವುದು ಅಪ್ಪನ ಕೆಲಸ. ತಕರಾರೆಲ್ಲ ಮಧ್ಯಾಹ್ನದ ಊಟದ್ದು. ತರಕಾರಿ ಬೇಯಿಸಿ, ಹಿಸುಕಿ, ಡಬ್ಬಿಯಲ್ಲಿ ತಂದು, ಚಮಚ ಹಿಡಿದು ಹಿಂದೆ ಹಿಂದೆ ಓಡುತ್ತಿದ್ದ. ಯಜಮಾನಿ ಬಾಯಿಗೆ ಬೀಗ ಹಾಕಿಕೊಂಡು ಮೇಜಿನ ಕೆಳಗೆ ನುಸುಳುತ್ತಿದ್ದಳು. ಆನೆ ಬಂತು ಎಂದ, ವಿಮಾನ ಬಂತು ಎಂದ, ಅವನ ಬೇಳೆ ಬೇಯಲಿಲ್ಲ.

ಮಗು ಬಡಕಲಾಗತೊಡಗಿದಾಗ ತಾಯಿ ಒಂದು ಸಂಜೆ ಖಡಾಖಂಡಿತವಾಗಿ ಹೇಳಿದಳು. "ನೋಡ್ರೀ, ಈ ತಿಂಗಳು ಕಾಯ್ತೀನಿ. ಮೈ ತುಂಬ್ಕೊಳ್ಳಲಿಲ್ಲ ಅಂದ್ರೆ ನಮ್ಮಮ್ಮನ ಮನೇಲಿ ಬಿಟ್ಟು ಬರ್ತೀನಿ. ರಜಾ ಸಿಕ್ಕಾಗ ಹೋಗಿ ನೋಡ್ಕೊಂಡು ಬರೋಣ."

ಅವರಮ್ಮನ ಊರು ರೈಲಿನಲ್ಲಿ ಒಂದು ರಾತ್ರಿಯ ದಾರಿ. ಮರುದಿನ ಮಾಸ್ಟರ್ ಒಂದು ಷರಟಿನ ಎಡತೋಳನ್ನು ಬಲಕ್ಕೆ ಜೋಡಿಸಿದ. ಮಗಳ ಮೈಗೆ ಟೇಪು ಹಿಡಿಯುವುದನ್ನೂ ಅಂದಿನಿಂದ ಬಿಟ್ಟ. ಊರಿಗೆಲ್ಲ ಅಳತೆ ಹೇಳುವವನಿಗೆ ಆ ಪುಟ್ಟ ಎದೆಯ ಅಳತೆ ತಿಳಿಯಲು ಭಯ. ನನಗೆ ಅಯ್ಯೋ ಪಾಪ ಅನ್ನಿಸಿತು.

ಒಂದು ಮಧ್ಯಾಹ್ನ ಯಜಮಾನಿ ಬಾಯಿ ತುಂಬ ಇದ್ದ ಬೀಟ್‌ರೂಟನ್ನು ಗಿರಾಕಿಯೊಬ್ಬರ ಬಿಳಿ ಅಂಗಿಯ ಮೇಲೆ ಉಗಿದಳು. ಮಾಸ್ಟರ್ ಅವಳನ್ನು ಎತ್ತಿಕೊಂಡು ಬೀದಿಗೆ ಓಡಿದ. ಅವಳು ಎದುರಿನ ಬರ್ಗರ್ ಅಂಗಡಿಯ ಬಾಗಿಲ ಕಡೆ ಕೈ ಚಾಚಿ ಬೀದಿಗೆಲ್ಲ ಕೇಳುವಂತೆ ಅತ್ತಳು. "ಬರೀ ಕೈ ತೊಳಿಸ್ಕೊಂಡು ಬರ್ತೀನಿ ಅಕ್ಕ" ಎಂದು ಕೂಗಿ ಒಳಗೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಸುಮ್ಮನೆ ಕೂರುವ ಪೈಕಿಯೇ? ಹೋಗಿ ಬಾಗಿಲು ತಳ್ಳಿದೆ.

ಯಜಮಾನಿ ಎತ್ತರದ ಕುರ್ಚಿಯಲ್ಲಿ ಕೂತು ಪಕ್ಕದ ಮೇಜಿನವರ ಫ್ರೆಂಚ್ ಫ್ರೈಸ್ ಖಾಲಿ ಮಾಡುತ್ತಿದ್ದಳು. ಪಕ್ಕದವರು ಬೇರೆ ಯಾರೂ ಅಲ್ಲ, ಹೋದ ವಾರವಷ್ಟೇ ಸೊಂಟದ ಬಗ್ಗೆ ಉಪದೇಶ ಕೇಳಿಸಿಕೊಂಡ ಲೆಕ್ಕದ ಮೇಷ್ಟರು. "ಏನ್ ಮಾಸ್ಟ್ರೇ, ಅಳತೆ ತಗೊಳ್ಳೋಕೆ ಇಲ್ಲಿಗೇ ಬಂದ್ಬಿಟ್ರಾ?" ಎಂದು ಅವರು ಕೇಳಿದರು. ಮಾಸ್ಟರ್‌ನ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು.

ಆಮೇಲೆ ದಿನಾ ಅದೇ ಮೇಜು. ಅಲ್ಲಿ ಚಮಚ ಹಿಡಿದು ಅಟ್ಟಿಸಿಕೊಂಡು ಬರುವವರಿಲ್ಲ. ಅಪ್ಪ ಎದುರಿಗೆ ಕೂತು ತಾನೂ ತಿನ್ನುತ್ತಾನೆ. ಮಾಸ್ಟರ್ ಹೊಲಿಗೆ ಬಿಚ್ಚುವಷ್ಟು ನಾಜೂಕಾಗಿ ಬನ್ನು ಬಿಡಿಸಿ, ಮನೆಯ ಡಬ್ಬಿಯ ಕ್ಯಾರೆಟ್ಟು, ಮೊಟ್ಟೆ ತುಂಬಿ, ಮತ್ತೆ ಮುಚ್ಚಿ ಕೊಡುತ್ತಿದ್ದ. ನಮ್ಮ ಅಂಗಡಿಯಲ್ಲಿ ಉಗಿದ ಅದೇ ಕ್ಯಾರೆಟ್ಟನ್ನು ಅಲ್ಲಿ ತಲೆಯಾಡಿಸಿಕೊಂಡು ನುಂಗಿದಳು, ಕಳ್ಳಿ! "ಎಲ್ಲ ಅವಳಿಗೋಸ್ಕರ ಅಕ್ಕ" ಎನ್ನುತ್ತಿದ್ದವನು ಬರಬರುತ್ತಾ ಇನ್ನೊಂದು ಸಾಸಿಗಾಗಿ ತಾನೇ ಕೌಂಟರಿಗೆ ಓಡತೊಡಗಿದ. ಗಿರಾಕಿಗಳಿಗೆ ಉಪದೇಶ ನಿಂತಿತು. ಹೆಂಡತಿಯ ಮುಂದೆ ಮಾತ್ರ ಪಿಟ್ಟೆನ್ನಲಿಲ್ಲ. ನನ್ನ ಬಾಯಿ ಮುಚ್ಚಿಸಲು ನನಗೂ ಒಂದು ಪೊಟ್ಟಣ ಬರುತ್ತಿತ್ತು, ಬಿಸಿ ಬಿಸಿಯಾಗಿ.

ತಿಂಗಳ ಕೊನೆಯ ದಿನ ಯಜಮಾನಿಯ ಹಳದಿ ಫ್ರಾಕಿನ ಎದೆಯ ಮೇಲೆ ಸಾಸು ಚೆಲ್ಲಿತು. ತೊಳೆದಷ್ಟೂ ಕಲೆ ಅಗಲವಾಯಿತು. ಅದೇ ಥಾನಿನ ಬಟ್ಟೆ ಇನ್ನೂ ಕಪಾಟಿನಲ್ಲಿತ್ತು. "ಅಕ್ಕ, ಇದೇ ಥರ ಇನ್ನೊಂದು ಹೊಲಿತೀನಿ. ಗುಂಡಿ ಹಾಕ್ಕೊಡಿ, ಇವಳಮ್ಮ ಬರೋದ್ರೊಳಗೆ" ಎಂದ.

"ಹಳೇದನ್ನೇ ಮೇಲಿಟ್ಟು ಕತ್ತರಿಸಿ ಮಾಸ್ಟ್ರೇ."

"ಮೈಗೆ ಕೂರದ ಬಟ್ಟೆ ಹೊಲಿಯೋ ಕೈ ಅಲ್ಲ ಅಕ್ಕ ಇದು" ಎಂದು ಆ ತಿಂಗಳಲ್ಲಿ ಮೊದಲ ಸಲ ಮಗಳಿಗೆ ಟೇಪು ಹಿಡಿದ. ನೋಡಿದ. ಮತ್ತೊಮ್ಮೆ ಹಿಡಿದ. ಬಟ್ಟೆಯ ಇನ್ನೊಂದು ಮಡಿಕೆ ಬಿಚ್ಚಿ ಕತ್ತರಿ ಎತ್ತಿಕೊಂಡ.

ಸಂಜೆ ಡ್ರೈವರಮ್ಮ ಬಂದು ಮಗಳನ್ನು ಮೇಲಿಂದ ಕೆಳಗೆ ನೋಡಿದಳು. "ಏನ್ರೀ, ನಿನ್ನೆ ಮಂಡಿ ಮೇಲಿದ್ದ ಫ್ರಾಕು ಇವತ್ತು ಮಂಡಿ ಕೆಳಗೆ ಬಂದಿದೆ?"

"ಒಗೆದಿದ್ದೆ. ಸ್ವಲ್ಪ ಜಗ್ಗಿರ್ಬೇಕು."

"ಒಗೆದ್ರೆ ಬಟ್ಟೆ ಕುಗ್ಗುತ್ತೆ ಅಂತ ಗಿರಾಕಿಗಳಿಗೆ ಹೇಳೋರು ನೀವೇ ಅಲ್ವಾ?"

ನಾನು ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿಹೋದೆ. ಅಷ್ಟರಲ್ಲಿ ಯಜಮಾನಿ ಚಿಂದಿ ಚೀಲಕ್ಕೆ ಕೈ ಹಾಕಿ ಹಳೆಯ ಫ್ರಾಕನ್ನು ಎಳೆದು ತಂದು, ಕಲೆಯ ಮೇಲೆ ಬೆರಳಿಟ್ಟು, "ಬಗ್ಗ!" ಎಂದಳು. ಅನುಮಾನ ಉಳಿಯದಿರಲೆಂದು ಎದುರಿನ ಬರ್ಗರ್ ಅಂಗಡಿಯನ್ನೂ ತೋರಿಸಿದಳು.

"ಎಷ್ಟು ದಿನದಿಂದ ನಡೀತಿದೆ?"

"ತಿಂಗಳಾಗ್ತಾ ಬಂತು" ಎಂದ ಮಾಸ್ಟರ್, ನೆಲ ನೋಡುತ್ತ. "ಆದ್ರೆ ಒಳಗೆ ಕ್ಯಾರೆಟ್ಟು, ಮೊಟ್ಟೆ ಎಲ್ಲ ತುಂಬಿದ್ದೆ, ನಿನ್ನಾಣೆ."

ಡ್ರೈವರಮ್ಮ ಮಗಳನ್ನು ಮೇಜಿನ ಮೇಲೆ ನಿಲ್ಲಿಸಿದಳು. ಹೊಸ ಫ್ರಾಕು ಬಿಚ್ಚಿ ಹಳೆಯದನ್ನು ತೊಡಿಸಿದಳು. ಬೆನ್ನಿನ ಗುಂಡಿಯನ್ನು ಎಳೆದಳು. ಅದು ಕಾಜಾವನ್ನು ಮುಟ್ಟಲಿಲ್ಲ. ಇನ್ನೊಮ್ಮೆ ಎಳೆದಳು. ನಾನೇ ಹಾಕಿದ ಗುಂಡಿ, ತಿಂಗಳ ಹಿಂದೆ ಫ್ರಾಕು ಎಷ್ಟು ಸಡಿಲವಿತ್ತೆಂದು ನನಗೆ ಗೊತ್ತು. ಅವಳಿಗೂ ಗೊತ್ತಿತ್ತು. ಮಗುವಿನ ದುಂಡನೆಯ ಬೆನ್ನನ್ನು ಸವರುತ್ತಲೇ ಫೋನ್ ತೆಗೆದಳು.

"ಅಮ್ಮಾ, ಪಾಪು ಬರಲ್ಲ. ಇಲ್ಲೇ ಇರ್ತಾಳೆ, ಅವರಪ್ಪನ ಹತ್ರ."

ಮಾಸ್ಟರ್ ಗೋಡೆಯ ಕಡೆ ತಿರುಗಿ ಕೊರಳಲ್ಲಿದ್ದ ಟೇಪಿನಿಂದಲೇ ಕಣ್ಣೊರೆಸಿಕೊಂಡ.

"ಅತ್ತಿದ್ದು ಸಾಕು, ನಡೀರಿ" ಎಂದು ಅವಳು ಮಗುವನ್ನು ಎತ್ತಿಕೊಂಡು ಬೀದಿ ದಾಟಲು ಹೊರಟಳು. "ನಂಗೂ ಒಂದು ಕೊಡ್ಸಿ. ಕ್ಯಾರೆಟ್ಟು ಮಾತ್ರ ತುಂಬಬೇಡಿ."