ಮುಂದಿನ ಸಾಲಿನ ಮೂರನೇ ಕುರ್ಚಿ

ನನ್ನ ಬದುಕಿನಲ್ಲಿ ನಡೆದ ಒಂದೇ ಒಂದು ಸ್ವಾರಸ್ಯದ ಪ್ರಸಂಗವನ್ನು ನಾನು ಬೇರೊಬ್ಬನಿಗೆ ಕೊಟ್ಟುಬಿಟ್ಟಿದ್ದೇನೆ. ಕೊಟ್ಟದ್ದಕ್ಕೆ ಬೇಸರವಿಲ್ಲ. ಆದರೆ ಕಳೆದ ತಿಂಗಳು ಅದನ್ನೇ ವೇದಿಕೆಯ ಮೇಲೆ ನಿಂತು, ಅವನ ಕಥೆಯೆಂದು ಓದಬೇಕಾಗಿ ಬಂತು.

ಪಡೆದವನು ನನ್ನ ಗೆಳೆಯ ಮಾಬ್ಲ. ಶಿರಸಿಯಲ್ಲಿ ಗುಮಾಸ್ತನಾಗಿದ್ದವನು ನಿವೃತ್ತನಾದ ಮೇಲೆ ಒಂದು ಕುರ್ಚಿ, ಎಲೆ ಅಡಿಕೆಯ ಒಂದು ಕವಳದ ಸಂಚಿ ಇಟ್ಟುಕೊಂಡು ರಂಗದ ಮೇಲೆ ತನ್ನ ಬದುಕನ್ನು ತಾನೇ ಹೇಳತೊಡಗಿದ. ಬಣ್ಣವಿಲ್ಲ, ಹಿಮ್ಮೇಳವಿಲ್ಲ, ಒಂದೂವರೆ ತಾಸು ಬರೀ ಮಾತು. ನಗುವ ಜಾಗ ಬಂದಾಗ ತಾನು ನಗದೆ ಎಲೆಗೆ ಸುಣ್ಣ ಹಚ್ಚುತ್ತ ಕೂರುವನು. ಜನ ನಕ್ಕು ಮುಗಿಸುವವರೆಗೆ ಎಲೆ ಮಡಚುತ್ತಿರಲಿಲ್ಲ. ಯಲ್ಲಾಪುರ, ಸಿದ್ದಾಪುರ, ಉಮ್ಮಚಗಿ, ಎಲ್ಲಿ ಕರೆದರೂ ಹೋಗುತ್ತಿದ್ದ. ನಾನೂ ಹಿಂದೆಯೇ ಹೋಗಿ ಮುಂದಿನ ಸಾಲಿನ ಮೂರನೇ ಕುರ್ಚಿಯಲ್ಲಿ ಕೂರುತ್ತಿದ್ದೆ. ಹೆಂಡತಿ ತೀರಿಕೊಂಡ ಮೇಲೆ ನನಗಿದ್ದ ತಿರುಗಾಟ ಅದೊಂದೇ.

ಆತ್ಮ ಬೇರೆ, ದೇಹ ಬೇರೆ ಎಂದು ವೇದಾಂತಿಗಳು ಹೇಳುವುದನ್ನು ಕೇಳಿದ್ದೇನೆ. ಆತ್ಮ ಒಬ್ಬನದು, ಕಥೆ ಇನ್ನೊಬ್ಬನದು ಆಗಿರಬಹುದೆಂದು ಅವರು ಹೇಳಿದ್ದು ಕಾಣೆ. ಮಾಬ್ಲನ ಆತ್ಮಕಥೆಯಲ್ಲಿ ಸಿದ್ದಾಪುರದ ಮದುವೆಯ ಪ್ರಸಂಗ ನನ್ನದು.

ಆಗ ನನಗೆ ಇಪ್ಪತ್ತೆರಡು. ಅಪ್ಪ ಉಡುಗೊರೆಗೆಂದು ಒಂದು ಗೋಡೆ ಗಡಿಯಾರ ಕೊಟ್ಟು ಪರಿಚಯದವರ ಮದುವೆಗೆ ಕಳಿಸಿದ್ದ. ನಮ್ಮ ಕಡೆ ಯಾರೂ ಬಹಳ ಹೊತ್ತು ಅಪರಿಚಿತರಾಗಿ ಉಳಿಯಲಾರರು. ಹೆಸರು ಕೇಳುವ ಮೊದಲು ಊರು ಕೇಳುತ್ತಾರೆ. ಚಪ್ಪರದ ಬಾಗಿಲಲ್ಲೇ ಒಬ್ಬರು "ತಮ್ಮಾ, ಯಾವೂರಾತು?" ಎಂದರು. "ಮತ್ತಿಘಟ್ಟ" ಎಂದೆ. ಅಷ್ಟು ಸಾಕಾಯಿತು. ಎರಡೇ ನಿಮಿಷದಲ್ಲಿ, ನನ್ನ ಸೋದರತ್ತೆಯ ನಾದಿನಿಯ ಕಡೆಯಿಂದ, ನಾನು ಮದುಮಗಳಿಗೆ ಅಣ್ಣನಾದೆ. ಅಣ್ಣನಾದವನು ಸುಮ್ಮನೆ ಕೂರುವುದುಂಟೇ? ಪ್ಯಾಂಟು ಬಿಡಿಸಿ, ಪಂಚೆ ಉಡಿಸಿ, ಕೈಗೆ ಹೋಳಿಗೆಯ ಬುಟ್ಟಿ ಕೊಟ್ಟರು. ಎರಡು ಪಂಕ್ತಿ ಬಡಿಸಿದ ಮೇಲೆ ಮದುಮಗನ ಹೆಸರು ಕಿವಿಗೆ ಬಿತ್ತು. ನಾನು ಹೋಗಬೇಕಾಗಿದ್ದ ಮದುವೆ ಪಕ್ಕದ ಕೇರಿಯಲ್ಲಿತ್ತು. ಹೇಳಲು ಬಾಯಿ ಬರಲಿಲ್ಲ. ಮೂರನೇ ಪಂಕ್ತಿಯನ್ನೂ ಬಡಿಸಿ, ಗಡಿಯಾರವನ್ನು ಅಲ್ಲೇ ಕೊಟ್ಟು ಬಂದೆ.

ಇದನ್ನು ಕೇಳಿ ಮಾಬ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ನಿಂಗೆ ಹೇಳಲೆ ಬತ್ತಿಲ್ಲೆ ಮಾರಾಯಾ. ಇದ್ನ ನಂಗೆ ಕೊಡು, ಆನು ಹೇಳ್ತೆ" ಎಂದ. ನಿಜವೇ. ನಾನು ಹೇಳಿದರೆ ಅದು ಸಭೆಯ ವರದಿಯಂತಿರುತ್ತದೆ. ಅವನು ಹೇಳಿದರೆ ಕೇಳುವವರ ಕೈಗೆ ಹೋಳಿಗೆಯ ಬಿಸಿ ತಾಗುತ್ತಿತ್ತು. ಪ್ರತಿ ಸಲವೂ "ಮೂರನೇ ಪಂಕ್ತಿಯನ್ನೂ ಬಡಿಸಿದೆ" ಎನ್ನುವಾಗ ನನ್ನ ಕುರ್ಚಿಯತ್ತ ನೋಡಿ ಮೀಸೆಯಲ್ಲೇ ನಗುತ್ತಿದ್ದ. ತುಂಬಿದ ಸಭೆಯಲ್ಲಿ ಆ ನಗು ನನ್ನೊಬ್ಬನಿಗೇ ಎಂದು ನನಗೆ ಭಾರೀ ಹೆಮ್ಮೆ.

ಈ ಮಳೆಗಾಲದಲ್ಲಿ ಮಾಬ್ಲ ಹೋದ. ಶಿರಸಿಯಲ್ಲಿ ನುಡಿನಮನ ಏರ್ಪಾಡಾಯಿತು; ಐದು ಜನ ಅವನ ಕಥೆಯ ಒಂದೊಂದು ತುಂಡು ಓದುವುದೆಂದು. ನನ್ನ ಕೈಗೆ ಬಂದ ಹಾಳೆಯಲ್ಲಿ ಸಿದ್ದಾಪುರದ ಮದುವೆ ಇತ್ತು. ಇದು ನನ್ನದು ಎಂದು ಒಮ್ಮೆ ಹೇಳಿಬಿಡುವ ಆಸೆಯಾಯಿತು. ಆದರೆ ಹೌದು ಎನ್ನಲು ಸಾಕ್ಷಿ ಬೇಕಲ್ಲ. ಇದ್ದ ಒಬ್ಬನೇ ಸಾಕ್ಷಿ ಹಾರ ಹಾಕಿಸಿಕೊಂಡು ಫೋಟೋದಲ್ಲಿದ್ದ.

ಓದುತ್ತ ಓದುತ್ತ ಮೂರನೇ ಪಂಕ್ತಿಗೆ ಬಂದೆ. ಅವನಂತೆಯೇ ತಲೆಯೆತ್ತಿ ಮೂರನೇ ಕುರ್ಚಿಯತ್ತ ನೋಡಿದೆ. ಏನೂ ಕಾಣಲಿಲ್ಲ. ದೀಪಗಳು ಕಣ್ಣಿಗೆ ಹೊಡೆಯುತ್ತಿದ್ದವು, ಮುಂದಿನ ಸಾಲೂ ಕತ್ತಲೆ. ಇಷ್ಟು ವರ್ಷ ಮಾಬ್ಲನಿಗೆ ನಾನು ಕಂಡೇ ಇರಲಿಲ್ಲ. ಅಲ್ಲಿ ಇರುತ್ತೇನೆಂಬ ನಂಬಿಕೆಯ ಮೇಲೆ ನಗುತ್ತಿದ್ದ. ಜ್ವರವೆಂದು ನಾನು ಹೋಗದಿದ್ದ ದಿನವೂ ನಕ್ಕಿರಬೇಕು. ಹಾಳೆ ಕೆಳಗಿಟ್ಟೆ. ಸುಣ್ಣ ಹಚ್ಚುತ್ತ ಕೂರೋಣವೆಂದರೆ ಎಲೆಯೂ ಇಲ್ಲ. ಏನೂ ತೋಚದೆ ನಾನೂ ಆ ಕತ್ತಲೆಗೆ ಸ್ವಲ್ಪ ನಕ್ಕೆ.

ಮುಗಿದ ಮೇಲೆ ಹೊರಗೆ ಒಬ್ಬನೇ ಚಹಾ ಕುಡಿಯುತ್ತ ಕೂತಿದ್ದೆ. ಗುರುತಿಲ್ಲದ ಹಿರಿಯರೊಬ್ಬರು ಬಂದು ನಿಂತರು.

"ಚೊಲೋ ಓದಿದ್ರಿ. ಆದ್ರೂ ಅವ್ರ ಹಾಂಗೆ ಬಂದಿದ್ದಿಲ್ಲೆ. ಅವ್ರದ್ದೇ ಅನುಭವ, ಅಲ್ದಾ?"

"ಹೌದು, ಅವಂದೇ" ಎಂದೆ.

ಅವರು ಹೋಗಲಿಲ್ಲ. "ಆನು ಮುಂದೇ ಇದ್ದಿದ್ದೆ, ಮೂರನೇ ಕುರ್ಚಿಲಿ. ನನ್ನ ನೋಡಿ ನಗ್ಯಾಡಿದ್ರಿ. ಗುರ್ತು ಸಿಕ್ಕಿದ್ದಿಲ್ಲೆ. ಯಾವೂರಾತು?"

ನಕ್ಕದ್ದು ನಿಮಗಲ್ಲ ಎನ್ನಲು ಈ ಸಲವೂ ಬಾಯಿ ಬರಲಿಲ್ಲ. "ಮತ್ತಿಘಟ್ಟ" ಎಂದೆ. ಅವರು ಪಕ್ಕದ ಕುರ್ಚಿ ಎಳೆದುಕೊಂಡು ಕೂತರು.