ಕೆಂಪಾದ ಕರಿಬೆಕ್ಕು

ಬೆಕ್ಕನ್ನು ತಂದವನು ಗಂಡ; ಅದರ ಕೂದಲು ಬಾಚುವವಳು ಶಿವಕುಮಾರಿ. ಈ ಹಂಚಿಕೆಯ ಬಗ್ಗೆ ಮನೆಯಲ್ಲಿ ಯಾರೂ ಕೂತು ಮಾತಾಡಿರಲಿಲ್ಲ. ಮದುವೆಯಾದ ಇಪ್ಪತ್ತೊಂದು ವರ್ಷಗಳಲ್ಲಿ ಉಳಿದ ಕೆಲಸಗಳೆಲ್ಲ ಅವಳ ಪಾಲಿಗೆ ಬಂದ ಹಾಗೆಯೇ ಇದೂ ಬಂದಿತ್ತು.

ಗಂಡ ಸಿದ್ದಲಿಂಗೇಶನಿಗೆ ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ. ಹೋದ ವರ್ಷ ಹೈದರಾಬಾದಿಗೆ ಹೋದವನು ಉದ್ದ ಕೂದಲಿನ, ಚಪ್ಪಟೆ ಮೂಗಿನ, ಕಡುಕಪ್ಪು ಬಣ್ಣದ ಹೆಣ್ಣು ಬೆಕ್ಕೊಂದನ್ನು ಹಿಡಿದುಕೊಂಡು ಬಂದ. ಅವನ ತಾಯಿ ಬಸವಣ್ಣೆಮ್ಮ ಬಾಗಿಲಲ್ಲೇ ತಡೆದರು.

"ಕರಿಬೆಕ್ಕು ಅಡ್ಡ ಬಂದ್ರ ಜನ ಹೊಳ್ಳಿ ಹೋಗ್ತಾರ. ನೀ ಎತ್ಕೊಂಡು ಬಂದೀಯಲ್ಲೋ!"

"ಯವ್ವಾ, ಇದು ಬೀದಿ ಬೆಕ್ಕಲ್ಲ, ಪರ್ಷಿಯನ್. ಇದರ ಮುತ್ತಜ್ಜಿ ಹೆಸರು ಸೈತ ಕಾಗದದಾಗ ಐತಿ ನೋಡು."

ಶಿವಕುಮಾರಿಗೆ ನಗು ಬಂತು. ಹೆಂಡತಿಯ ಅಜ್ಜಿಯ ಹೆಸರು ಅವನಿಗೆ ಇವತ್ತಿಗೂ ಗೊತ್ತಿರಲಿಲ್ಲ.

ಮುದುಕಿ ಸೋತು ಬೆಕ್ಕಿನ ಹಣೆಗೆ ವಿಭೂತಿ ಹಚ್ಚಿ, ಕಾಡಿಗಿ ಎಂದು ಹೆಸರಿಟ್ಟು ಒಳಗೆ ಬಿಟ್ಟುಕೊಂಡರು. ಆದರೆ ಅದರ ಜೊತೆ ಬಂದ ಆಹಾರದ ಪಾಕೀಟಿನ ಮೇಲೆ ಮೀನಿನ ಚಿತ್ರವಿತ್ತು. "ಲಿಂಗಪೂಜಿ ಆಗೋ ಮನ್ಯಾಗ ಇದು ಬರಬಾರದು" ಎಂದು ಅದನ್ನು ಅಂಗಳಕ್ಕೆ ಎಸೆದರು. ಸಿದ್ದಲಿಂಗೇಶ, "ಹಾಲು ಅನ್ನ ಹಾಕು ಕುಮಾರಿ, ಬೆಕ್ಕಿಗೆ ಮತ್ತೇನು ಬೇಕು" ಎಂದು ಅಂಗಡಿಗೆ ಹೊರಟ.

ಅಂದಿನಿಂದ ಶಿವಕುಮಾರಿಯ ದಿನಕ್ಕೆ ಒಂದೂವರೆ ತಾಸಿನ ಕೆಲಸ ಹೆಚ್ಚಾಯಿತು. ಕಿವಿಯ ಹಿಂದೆ, ಕಂಕುಳಲ್ಲಿ ಗಂಟುಕಟ್ಟಿದ ಕೂದಲನ್ನು ಬೆರಳಿನಿಂದ ಬಿಡಿಸಬೇಕು. ಸುರಿಯುವ ಕಣ್ಣು ಒರೆಸಬೇಕು. ಮರಳಿನ ತಟ್ಟೆ ತೊಳೆಯಬೇಕು. ಜೋಳದ ಹಿಟ್ಟಿಗೆ ಕೂದಲು ಬೀಳುತ್ತಿದ್ದುದರಿಂದ ಎರಡೆರಡು ಸಲ ಸಾಣಿಸಬೇಕು. ಗಂಡ ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕುತ್ತಿದ್ದ. ನೋಡಲು ಬಂದ ಗೆಳೆಯರಿಗೆ ಚಹಾ ಇವಳೇ ಕಾಸುತ್ತಿದ್ದಳು.

ಯುಗಾದಿ ಕಳೆದ ಮೇಲೆ ಕಾಡಿಗಿ ಕೆಂಪಾಗತೊಡಗಿತು. ಮೊದಲು ಬಾಲದ ತುದಿ, ಆಮೇಲೆ ಬೆನ್ನು, ತುಕ್ಕು ಹಿಡಿದ ಕಬ್ಬಿಣದ ಬಣ್ಣಕ್ಕೆ ತಿರುಗಿತು. ಮಾರಿದವನು ಬಣ್ಣ ಹಚ್ಚಿ ಮೋಸ ಮಾಡಿದನೆಂದು ಸಿದ್ದಲಿಂಗೇಶ ಬಿಳಿ ಟವೆಲ್ಲನ್ನು ನೀರಲ್ಲಿ ಅದ್ದಿ ತಿಕ್ಕಿ ನೋಡಿದ. ಟವೆಲ್ಲು ಬೆಳ್ಳಗೇ ಉಳಿಯಿತು. ಆಗ ಅವನು ಹೆಂಡತಿಯತ್ತ ತಿರುಗಿದ.

"ಏನು ಹಚ್ಚಿ ತೊಳದೀ ಇದನ್ನ?"

ಅವಳು ಒದ್ದೆಯಾದ ಬೆಕ್ಕನ್ನು ಎತ್ತಿಕೊಂಡು ಒಳಗೆ ನಡೆದಳು. ಬೆಕ್ಕಿನ ಶಾಂಪೂ ಸಂಕ್ರಾಂತಿಗೇ ಮುಗಿದಿತ್ತು. ತನ್ನಿ ಎಂದು ಮೂರು ಸಲ ಹೇಳಿದ್ದಳು, ಮೂರು ಸಲವೂ ಅವನು ಮರೆತಿದ್ದ. ಕೊನೆಗೆ ತನ್ನ ತಲೆಗೆ ಹಾಕಿಕೊಳ್ಳುವ ಸೀಗೆಕಾಯಿಯಲ್ಲೇ ತೊಳೆದಿದ್ದಳು. ಈಗ ಬಾಚಿದರೆ ಹಿಡಿ ಹಿಡಿ ಕೂದಲು ಬರುತ್ತಿತ್ತು. ಬೆಕ್ಕು ಸೊರಗಿ, ಹಾಲು ಕಂಡರೆ ಮುಖ ತಿರುಗಿಸಿ ಮೂಲೆ ಹಿಡಿದಿತ್ತು. ತನ್ನ ಕೈಯಿಂದಲೇ ಒಂದು ಜೀವ ಹೋಗುತ್ತದಲ್ಲ ಎಂಬ ಹೆದರಿಕೆಯಿಂದ ಅವಳಿಗೆ ತುತ್ತು ಇಳಿಯದಾಯಿತು.

ಊರಲ್ಲೇ ತೋರಿಸಿದರೆ ಸೀಗೆಕಾಯಿಯ ಸುದ್ದಿ ಅವಳಿಗಿಂತ ಮೊದಲು ಗಂಡನ ಅಂಗಡಿ ಮುಟ್ಟುತ್ತಿತ್ತು. ಅವಳ ತಂಗಿಯ ಗೆಳತಿ ಜ್ಯೋತಿ ಲಿಂಗಸುಗೂರಿನಲ್ಲಿ ಪಶುವೈದ್ಯೆ. ಮಸ್ಕಿಯ ತವರಿಗೆ ಹೋಗಿಬರುತ್ತೇನೆ, ಕಾಡಿಗಿಯನ್ನೂ ಒಯ್ಯುತ್ತೇನೆ ಎಂದು ಹೇಳಿ ಶಿವಕುಮಾರಿ ಬೆಕ್ಕನ್ನು ತರಕಾರಿ ಬುಟ್ಟಿಯಲ್ಲಿಟ್ಟು ಬಸ್ಸು ಹತ್ತಿದಳು.

ಕಂಡಕ್ಟರ್ ಬುಟ್ಟಿಯ ಬಟ್ಟೆ ಸರಿಸಿ ಬೆಚ್ಚಿದ. "ಇದೇನ್ರಿ ಅಮ್ಮಾರ, ಕರಡಿ ಮರಿ?"

"ಬೆಕ್ಕು ರೀ."

"ಗಂಡೋ ಹೆಣ್ಣೋ? ಹೆಣ್ಣಾದ್ರ ಫ್ರೀ."

"ಹೆಣ್ಣs ರೀ."

"ಆಧಾರ್ ಕಾರ್ಡು?"

"ಅದಕ್ಕಿಂತ ದೊಡ್ಡ ಕಾಗದ ಐತಿ. ಮುತ್ತಜ್ಜಿ ಹೆಸರೂ ಬರದಾರ."

ಬಸ್ಸು ನಕ್ಕಿತು. ಅವಳು ನಗಲಿಲ್ಲ. ಮಸ್ಕಿ ಬಂದರೂ ಇಳಿಯದೆ, ಬಟ್ಟೆಯ ಮೇಲೆ ಕೈಯಿಟ್ಟು ಉಸಿರು ಆಡುತ್ತಿದೆಯೇ ಎಂದು ನೋಡುತ್ತಾ ಲಿಂಗಸುಗೂರಿನವರೆಗೆ ಕೂತಳು.

ಜ್ಯೋತಿ ಬೆಕ್ಕಿನ ಕಣ್ಣಿಗೆ ಟಾರ್ಚು ಬಿಟ್ಟಳು, ಎದೆಯ ಬಡಿತ ಕೇಳಿದಳು, ಕೂದಲು ಸರಿಸಿ ಚರ್ಮ ನೋಡಿದಳು. ಶಿವಕುಮಾರಿ ತಡೆಯಲಾರದೆ ಹೇಳಿಬಿಟ್ಟಳು: "ನಾನs ಕೆಡಿಸೀನಿ ಮೇಡಂ. ಸೀಗೆಕಾಯಿ ಹಚ್ಚಿ ತೊಳದೆ. ಮೂರು ಸಲ."

"ಯಾರಿಗೆ ಮೇಡಂ ಅಂತೀರಿ ಅಕ್ಕಾ? ಸೀಗೆಕಾಯಿಯಿಂದ ಏನೂ ಆಗಿಲ್ಲ. ಗಂಟಿಲ್ಲ, ಗಾಯಿಲ್ಲ, ಚರ್ಮ ಭಾಳ ಚೊಲೋ ಇಟ್ಟೀರಿ. ಏನು ತಿನ್ನಾಕ ಹಾಕ್ತೀರಿ?"

"ಹಾಲು ಅನ್ನ. ಹಬ್ಬಕ್ಕ ಹೋಳಿಗಿ."

ಜ್ಯೋತಿ ಹಣೆ ಬಡಿದುಕೊಂಡು ನಕ್ಕಳು. "ಅಕ್ಕಾ, ಈ ಬೆಕ್ಕು ಒಂದು ವರ್ಷದಿಂದ ಉಪಾಸ ಐತಿ. ಕರಿ ಕೂದಲಿಗೆ ಬೇಕಾದ ಸತ್ವ ಮಾಂಸದಾಗ ಇರತೈತಿ. ಅದು ಸಿಗದಿದ್ರ ಹಿಂಗs ಕೆಂಪಾಕ್ಕಾವ. ಇನ್ನೂ ತಡಾ ಮಾಡಿದ್ರ ಕಣ್ಣು ಹೋಗತಿದ್ವು. ಈಗ ಏನೂ ಆಗಿಲ್ಲ. ಬೆಕ್ಕಿನ ಆಹಾರ ಹಾಕ್ರಿ, ಮಳಿಗಾಲ ಮುಗಿಯೋದ್ರಾಗ ಮತ್ತ ಕರ್ರಗ ಆಗತೈತಿ."

"ಹಂಗಾರ ನನ್ನ ಕೈಯಿಂದ ಆಗಿಲ್ಲ?"

"ನಿಮ್ಮ ಕೈಯಿಂದs ಇಷ್ಟರ ಉಳದೈತಿ."

ಹೊರಗೆ ಬಂದವಳು ಮರದ ಕೆಳಗೆ ಬುಟ್ಟಿ ಇಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. ಜ್ಯೋತಿ ಕೊಟ್ಟ, ಮೀನಿನ ಚಿತ್ರವಿದ್ದ ಆಹಾರದ ಪಾಕೀಟಿನಿಂದ ನಾಲ್ಕು ಕಾಳು ಅಂಗೈಗೆ ಹಾಕಿ ಹಿಡಿದಾಗ, ತಿಂಗಳಿಂದ ತಲೆಯೆತ್ತದ ಕಾಡಿಗಿ ಎದ್ದು ಕೂತು ಅಂಗೈಯನ್ನು ನೆಕ್ಕಿ ನೆಕ್ಕಿ ಖಾಲಿ ಮಾಡಿತು. ಮಸ್ಕಿಯಲ್ಲಿ ತಾಯಿಯ ಮನೆಗೆ ಹೋಗಿ, ಕೇಳಿ ಕೇಳಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು.

ಸಂಜೆ ಸಿಂಧನೂರಿನ ಮನೆಯಲ್ಲಿ ಅತ್ತೆಯ ಮುಂದೆ ಏನನ್ನೂ ಮುಚ್ಚಿಡದೆ ಹೇಳಿದಳು. ಸೀಗೆಕಾಯಿಯನ್ನೂ ಹೇಳಿದಳು. ಸಿದ್ದಲಿಂಗೇಶ ಅಲ್ಲೇ ಮೊಬೈಲು ನೋಡುತ್ತಿದ್ದ. ಬಸವಣ್ಣೆಮ್ಮ ಬೆಕ್ಕನ್ನು ಹತ್ತಿರಕ್ಕೆ ಎಳೆದುಕೊಂಡರು.

"ಅಂದ್ರ ಒಂದು ವರ್ಷ ಒಂದು ಜೀವಾನ ನಾ ಉಪಾಸ ಕೆಡವೀನಿ?"

"ಗೊತ್ತಿದ್ದಿಲ್ಲ ಅತ್ತಿ. ಯಾರಿಗೂ ಗೊತ್ತಿದ್ದಿಲ್ಲ."

"ಅದರ ಹೊಟ್ಟಿ ಶಿವನs ಮಾಡ್ಯಾನ. ನಾ ಯಾಕ ತಿದ್ದಾಕ ಹೋದೆ?" ಮುದುಕಿ ಬೆಕ್ಕಿನ ಬೆನ್ನು ಸವರಿದರು. "ಒಳಗ ಬ್ಯಾಡ. ಗಾಡಿ ನಿಲ್ಲಿಸೋ ಶೆಡ್ಡಿನ್ಯಾಗ ಹಾಕು."

"ಹಾಕತೀನಿ ಅತ್ತಿ. ಮೀನಿನ ಕಾಳು ಮುಟ್ಟಿದ ಕೈಲೆ ನಿಮ್ಮ ಪೂಜಿಗೆ ನೀರು ಇಡಬಹುದೇನು?"

ಬಸವಣ್ಣೆಮ್ಮ ಕೈ ಹಿಂದೆ ತೆಗೆದರು. "ಬ್ಯಾಡ ಬ್ಯಾಡ! ನೀ ಮುಟ್ಟಬ್ಯಾಡ."

"ರೊಟ್ಟಿ ಬಡಿಯೋದೂ ಇದs ಕೈ."

"ಲೇ ಸಿದ್ದಲಿಂಗಾ! ತಂದವ ನೀನು. ಮುಂಜಾನಿ ಸಂಜಿ ನೀನs ಹಾಕು. ಅದರ ತಟ್ಟಿನೂ ನೀನs ತೊಳಿ, ಸ್ನಾನ ಮಾಡಿ ಒಳಗ ಬಾ."

"ಯವ್ವಾ, ನನಗ ಅಂಗಡಿ..."

"ಅಂಗಡಿಗೆ ಹೊತ್ತೈತಿ, ಫೋಟೊಕ್ಕ ಹೊತ್ತೈತಿ. ಇದಕ್ಕ ಇಲ್ಲೇನು?"

ಅವನು ಎದ್ದು ಪಾಕೀಟು ಹಿಡಿದು ಶೆಡ್ಡಿಗೆ ನಡೆದ. ಕಾಡಿಗಿ ಬಾಲ ಎತ್ತಿ ಹಿಂದೆಯೇ ಓಡಿತು. ಶಿವಕುಮಾರಿ ಫ್ಯಾನಿನ ಕೆಳಗೆ ಕಾಲು ಚಾಚಿ ಕೂತಳು.

"ಕುಮಾರಿ, ಎಷ್ಟು ಹಾಕಬೇಕ?" ಹೊರಗಿನಿಂದ ಕೂಗು ಬಂತು.

ಅವಳು ಏಳಲಿಲ್ಲ. "ಪಾಕೀಟಿನ ಮ್ಯಾಲ ಬರದಾರ ರೀ, ಓದ್ಕೋರಿ."