ಬಂದ್ ಮಾಡುವ ಮೊದಲಿನ ಎರಡು ನಿಮಿಷ

ನಾನು ಮೊದಲ ಸಲ ಎದ್ದು ಹೋದದ್ದು ಒಂದು ಸೋಮವಾರ, ಏಳನೇ ಕ್ಲಾಸಿನ ಗಣಿತದ ಪಾಠದ ನಡುವೆ. ಆಮೇಲೆ ಮೆಕ್ಯಾನಿಕ್ ಆದೆ, ಯಾವ ಗ್ಯಾರೇಜಿನಲ್ಲೂ ವರ್ಷ ತುಂಬಲಿಲ್ಲ.

ಉಲ್ಹಾಸನಗರದಲ್ಲಿ ನಾನಿದ್ದ ಗ್ಯಾರೇಜಿಗೆ ಪಕ್ಕದ ಡೊಂಬಿವಲಿಯ ಹೋಟೆಲ್ ಶೆಟ್ಟರು ತಮ್ಮ ಹಳೇ ಸಣ್ಣ ಕಾರು ತಂದರು. ಘಾಟ್ ಹತ್ತುವಾಗ ಹಿಂದಿನ ಲಾರಿಗಳ ಹಾರ್ನ್ ಕೇಳಿ ಸಾಕಾಗಿ, ಹೆಚ್ಚು ಎಳೆತದ ಟರ್ಬೊ ಇಂಜಿನ್ ಹಾಕಿಸಬೇಕೆಂದರು. ಇಂಜಿನ್ ಕೂರಿಸಲು ನನಗೆ ಮೂರು ವಾರ ಹಿಡಿಯಿತು. ಅವರ ಅಭ್ಯಾಸ ಬಿಡಿಸುವುದು ಅದಕ್ಕಿಂತ ಕಷ್ಟ. ಪೆಟ್ರೋಲ್ ಉಳಿಯಲಿ ಎಂದು ಗಾಡಿ ನಿಲ್ಲುವ ಮೊದಲೇ ಕೀ ತಿರುಗಿಸಿ ಬಂದ್ ಮಾಡುತ್ತಿದ್ದರು.

"ಓಡಿಸಿ ಬಂದ ಕೂಡ್ಲೇ ಬಂದ್ ಮಾಡಿದ್ರ ಟರ್ಬೊ ಸುಟ್ಟು ಹೋಗತೈತ್ರಿ ಶೆಟ್ರ. ಬಿಸಿ ಆರಾಕ ಎರಡು ನಿಮಿಷ ಸುಮ್ನ ಚಾಲೂ ಇಡ್ರಿ."

ಹೇಳಿದ್ದೇ ತಪ್ಪಾಯಿತು. ಪ್ರತಿ ಟ್ರಯಲ್ ಮುಗಿದ ಮೇಲೆ ಎರಡು ನಿಮಿಷ ಅವರ ಪಕ್ಕ ಕೂರಬೇಕಾಯಿತು. ಊರು ಯಾವುದು, ಮದುವೆ ಯಾಕೆ ಆಗಲಿಲ್ಲ, ಅಮ್ಮನ ಹತ್ತಿರ ಮಾತಾಡಿ ಎಷ್ಟು ದಿನವಾಯಿತು ಎಂದು ಕೇಳುತ್ತಿದ್ದರು. ನಾನು ಬಾನೆಟ್ ನೋಡುತ್ತಾ ಕಾಲು ಅಲ್ಲಾಡಿಸುತ್ತಿದ್ದೆ.

ನಿನ್ನೆ ನಾನು ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬುತ್ತಿದ್ದೆ. ಕಳಂಬೋಲಿಯ ಗ್ಯಾರೇಜಿನಲ್ಲಿ ಲಾರಿ ರಿಪೇರಿ ಕೆಲಸ ಸಿಕ್ಕಿತ್ತು. ಶೆಟ್ಟರು ಘಾಟ್ ಹತ್ತಿಳಿದು ಬಂದವರು ಇಂಜಿನ್ ಬಂದ್ ಮಾಡದೆ ಕರೆದರು.

"ಬಾ ಮಾರಾಯ, ಕೂತ್ಕೋ."

"ಹೊಂಟೀನ್ರಿ."

"ನಿನ್ನದೇ ರೂಲ್ ಅಲ್ವಾ, ಎರಡು ನಿಮಿಷ. ಹೊರಟದ್ದು ಅಮ್ಮನಿಗೆ ಗೊತ್ತುಂಟಾ?"

ಚೀಲ ತೊಡೆಯ ಮೇಲಿಟ್ಟು ಕೂತೆ. ಅವರ ಬಾಯಿ ಮುಚ್ಚಿಸಲೆಂದೇ ಅಮ್ಮನಿಗೆ ಫೋನ್ ಹಚ್ಚಿದೆ. ನಿಜವಾಗಿ ಆ ಗಾಡಿಗೆ ಒಂದು ನಿಮಿಷ ಸಾಕಿತ್ತು, ಆದರೂ ನಾನು ಏಳಲಿಲ್ಲ. ಎರಡನೇ ನಿಮಿಷದಲ್ಲಿ ಅಮ್ಮ ಫೋನ್ ಎತ್ತಿದವಳೇ, "ಈಗ ಎಲ್ಲಿಗೆ ಹೊಂಟಿ?" ಎಂದಳು.